ನೆಲಮಟ್ಟಕ್ಕೆ ಕಡಿಸಿದ ಹಿಪ್ಪುನೇರಳೆ ಮತ್ತೆ ಚಿಗುರಿರುವ ಬಗ್ಗೆ

ಇಂದ,
ಗೋಡೆಯ ಈ ಕಡೆಯ ಟೈಲರ್,
(ಚಿಕ್ಕಂದಿನಲ್ಲಿ ತಮ್ಮಿಂದ ‘ಪೀಪಿ’ ಎಂದು ಕರೆಸಿಕೊಂಡವನು).

ಗೆ,
ಗೋಡೆಯ ಆ ಕಡೆಯ ಅಕ್ಕನವರು,
ನಿವೃತ್ತ ಕಚೇರಿ ಅಧೀಕ್ಷಕರು,
ಹಾಲಿ ಮನೆಯಲ್ಲೂ ಅದೇ ಹುದ್ದೆ.

ಮೂಲಕ: ಭಾವನವರು (ಸೂಜಿ ಕೇಳುವ ನೆಪದಲ್ಲಿ ಬಂದಿದ್ದಾಗ ಕೈಗೆ ಕೊಟ್ಟಿದೆ).

ವಿಷಯ: ಚಿಗುರನ್ನು ಇನ್ನು ಮುಂದೆ ಕತ್ತರಿಸದೆ ಬಿಡಲು ಅನುಮತಿ ಕೋರಿ.

ಉಲ್ಲೇಖ: 1) ಮರ ಕಡಿಸಬೇಕೆಂದು ನಾನು ಸಿಟ್ಟಿನಲ್ಲಿ ಬರೆದ ಅರ್ಜಿ. 2) ಅದಕ್ಕಿಂತ ಹೆಚ್ಚಿನ ಸಿಟ್ಟಿನಲ್ಲಿ ತಾವು ನೀಡಿದ ಮಂಜೂರಾತಿ.

ಮಾನ್ಯ ಅಕ್ಕನವರೇ,

ಬಾಯಿಮಾತಿನ ದೂರನ್ನು ತಾವು ದೂರೆಂದು ಒಪ್ಪುವುದಿಲ್ಲ ಎಂಬುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿರುವ ಕಾರಣ, ಅಳತೆ ಪುಸ್ತಕದ ಹಾಳೆ ಹರಿದು ಈ ಅರ್ಜಿ ಸಲ್ಲಿಸುತ್ತಿದ್ದೇನೆ. ಹಿಂಬದಿಯಲ್ಲಿರುವುದು ಒಬ್ಬ ಗಿರಾಕಿಯ ಸೊಂಟದ ಅಳತೆ. ಅದನ್ನು ಪರಿಗಣಿಸಬಾರದು.

1. ಸದರಿ ಹಿಪ್ಪುನೇರಳೆ ಮರ ತಮ್ಮ ಹಿತ್ತಲಿನಲ್ಲಿತ್ತು. ಆದರೆ ಅದರ ಎಲೆ, ಹಣ್ಣು, ಹಣ್ಣು ತಿಂದ ಹಕ್ಕಿಗಳ ಮುಂದಿನ ವ್ಯವಹಾರ ಎಲ್ಲವೂ ನಮ್ಮ ಅಂಗಳದಲ್ಲೇ ನಡೆಯುತ್ತಿತ್ತು. ಆದ್ದರಿಂದ ಬೆಳಗಾದರೆ ನಾನು ಹೊಲಿಗೆ ಮಿಷನ್ ಮುಂದೆ ಕೂತಲ್ಲಿಂದಲೇ ಕೂಗುವುದು, ತಾವು ಪೊರಕೆ ಹಿಡಿದು ಗೋಡೆಯ ಹತ್ತಿರ ಬಂದು “ಬರೆದು ಕೊಡು” ಅನ್ನುವುದು, ನಾನು ಬರೆಯದೆ ಇನ್ನೂ ನಾಲ್ಕು ಮಾತು ಜಾಸ್ತಿ ಆಡುವುದು, ತಾವು ನನ್ನ ಬಾಲ್ಯದ ಮಾನವನ್ನೆಲ್ಲ ಬೀದಿಗೆ ಕೇಳುವ ಹಾಗೆ ಹರಾಜು ಹಾಕುವುದು, ಕೊನೆಗೆ ಗೋಡೆಯ ಮೇಲೆ ಒಂದು ಲೋಟ ಚಹಾ ಕುಕ್ಕಿ ಒಳಗೆ ಹೋಗುವುದು ವಾಡಿಕೆಯಾಗಿತ್ತು. ನನ್ನ ಹೆಂಡತಿ ಇದನ್ನು ‘ಬೆಳಗಿನ ವಾರ್ತೆ’ ಎಂದು ಕರೆಯುತ್ತಿದ್ದಳು.

2. ಹೀಗಿರಲಾಗಿ, ಕೆಲಸದ ಸಂದರ್ಶನಕ್ಕೆ ಹೊರಟ ಒಬ್ಬನ ಬಿಳಿ ಅಂಗಿಯನ್ನು ಹೊಲಿದು, ಸೀಮೆಸುಣ್ಣದ ಗುರುತು ಹೋಗಲೆಂದು ನೀರಿಗೆ ಅದ್ದಿ ಒಣಹಾಕಿದ್ದೆ. ಸರಿಯಾಗಿ ಜೇಬಿನ ಮೇಲೆ ಹಣ್ಣು ಬಿತ್ತು. ಆ ಕಲೆ ನಿಂಬೆಗೂ ಹೋಗಲಿಲ್ಲ, ಸೋಪಿಗೂ ಹೋಗಲಿಲ್ಲ. ಆ ಕಾರಣ ನನ್ನ ತಲೆ ಕೆಟ್ಟು, ಹುಟ್ಟಿದಾಗಿನಿಂದ ಮೊದಲ ಬಾರಿಗೆ ತಮಗೆ ಅರ್ಜಿ ಬರೆದೆ. ಸೇವೆಯಲ್ಲಿದ್ದಾಗ ಯಾರ ಅರ್ಜಿಯನ್ನೂ ಅಷ್ಟು ಬೇಗ ವಿಲೇವಾರಿ ಮಾಡದ ತಾವು, ಅಂದೇ ಮಂಜೂರು ಮಾಡಿ ಮರ ಕಡಿಯುವವನನ್ನು ಕರೆಸಿದಿರಿ. ಬಿಡುವವರು ಯಾರು ಹೇಳಿ, ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು.

3. ಮರ ಕಡಿಯುವವನು ಮರ ಉರುಳಿಸಿದ ಮೇಲೆ, ಬುಡ ಅಗೆದು ಬೇರು ತೆಗೆಯದಿದ್ದರೆ ಇದು ಸಾಯುವ ಜಾತಿಯಲ್ಲ ಎಂದು ತಿಳಿಸಿದ. ತಾವು ಕನ್ನಡಕ ಏರಿಸಿ, ನನ್ನ ಅರ್ಜಿಯನ್ನು ಅವನ ಮುಖದ ಮುಂದೆ ಹಿಡಿದು, “ನೆಲಮಟ್ಟಕ್ಕೆ ಅಂತ ಬರೆದಿದ್ದಾನೆ. ನೆಲದ ಕೆಳಗಿನದು ಅವನು ಕೇಳಿಲ್ಲ, ನಾನು ಕೊಡೋದಿಲ್ಲ” ಎಂದಿರಿ. ಅವನು ಒಂದು ಸಲ ತಮ್ಮನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ, ಗರಗಸ ಹೆಗಲಿಗೇರಿಸಿ ಹೊರಟುಹೋದ.

4. ಅಂದಿನಿಂದ ಅಂಗಳ ಚೊಕ್ಕವಾಗಿದೆ. ಬಟ್ಟೆ ಬಿಳಿಯಾಗಿಯೇ ಒಣಗುತ್ತಿದೆ. ಆ ಕಾರಣ ನನಗೆ ಕೂಗಲು ಏನೂ ಇಲ್ಲ, ತಮಗೆ ಗೋಡೆಯ ಹತ್ತಿರ ಬರಲು ಕೆಲಸವಿಲ್ಲ, ಹಾಗಾಗಿ ಚಹಾವೂ ಇಲ್ಲ. ಮನೆಯಲ್ಲಿ ಚಹಾ ಮಾಡುವುದಿಲ್ಲವೇ ಎಂದು ಹೆಂಡತಿ ಕೇಳುತ್ತಾಳೆ. ಮಾಡುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ. ಅದರ ಜೊತೆ ಬೈಗುಳ ಬರುವುದಿಲ್ಲ, ಅಷ್ಟೇ.

5. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಹಿರಿಯರು ಕೇಳಿದ್ದಾರೆ. ಈ ಪ್ರಕರಣದಲ್ಲಿ ಬರುತ್ತಿದೆ ಎಂದು ತಮ್ಮ ಗಮನಕ್ಕೆ ತರಬಯಸುತ್ತೇನೆ. ತಮ್ಮ ಕಡೆಯ ಬುಡದಲ್ಲಿ ಸುತ್ತಲೂ ಚಿಗುರು. ಬೇರು ಗೋಡೆಯ ಅಡಿಯಿಂದ ನುಸುಳಿ ನಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೂ ಚಿಗುರು. ಉಪ್ಪು ಸುರಿದೆ, ಕುದಿಯುವ ನೀರು ಹೊಯ್ದೆ, ಅದಕ್ಕೆ ಊಟ ಬಡಿಸಿದ ಹಾಗಾಯಿತು. ಮೊನ್ನೆ ಬೆಳಿಗ್ಗೆ ಬೇರೇನೂ ಕೈಗೆ ಸಿಗದೆ, ಬಟ್ಟೆ ಬಿಟ್ಟು ಬೇರೆ ಯಾವುದಕ್ಕೂ ತಾಗಿಸಬಾರದ ನನ್ನ ದೊಡ್ಡ ಕತ್ತರಿಯನ್ನೇ ತಂದು ಕತ್ತರಿಸತೊಡಗಿದೆ. ಆಗ ಗೋಡೆಯ ಆಚೆಯಿಂದಲೂ ಕಚಕ್ ಕಚಕ್ ಎಂದು ಕೇಳಿಸಿತು. ನಾನು ಕೆಮ್ಮಿದೆ. ತಮ್ಮ ಕತ್ತರಿ ನಿಂತಿತು. ಏನಾದರೂ ದೂರೋಣವೆಂದರೆ, ಆಣೆಗೂ ಒಂದು ದೂರು ನೆನಪಾಗಲಿಲ್ಲ. ಆಮೇಲೆ ತಾವು ಒಳಗೆ ಹೋದ ಚಪ್ಪಲಿ ಸದ್ದು ಕೇಳಿಸಿತು. ಅಷ್ಟು ಬೇಜಾರು ನನಗೆ ಆ ಅಂಗಿ ಹಾಳಾದಾಗಲೂ ಆಗಿರಲಿಲ್ಲ.

6. ಭಾವನವರು ನಿನ್ನೆ ತಿಳಿಸಿದಂತೆ, ತಾವು ಈ ಮನೆಯನ್ನು ಬಾಡಿಗೆಗೆ ಕೊಟ್ಟು, ಆಚೆ ಬೀದಿಯ ಮೇಲ್ಮಹಡಿ ಫ್ಲಾಟಿಗೆ ಹೋಗುವ ಯೋಚನೆಯಲ್ಲಿದ್ದೀರಿ. ಕಾರಣ ಕೇಳಿದ್ದಕ್ಕೆ, “ಇಲ್ಲಿ ನನ್ನ ಹತ್ರ ಮಾತಾಡೋರು ಯಾರಿದ್ದಾರೆ” ಎಂದಿರಂತೆ. ಭಾವನವರು ಸ್ವತಃ ತಮ್ಮ ಪಕ್ಕದಲ್ಲೇ ಕೂತಿದ್ದರಂತೆ. ಅದನ್ನು ಅವರು ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಾನು ಹಚ್ಚಿಕೊಂಡಿದ್ದೇನೆ.

ಆದ್ದರಿಂದ ತಾವು ದಯಮಾಡಿ ತಮ್ಮ ಕಡೆಯ ಚಿಗುರುಗಳಲ್ಲಿ ಗಟ್ಟಿಯಾದದ್ದೊಂದನ್ನು ಉಳಿಸಿಕೊಳ್ಳಬೇಕು. ಅದು ಗೋಡೆ ದಾಟಿ, ನಮ್ಮ ಅಂಗಳಕ್ಕೆ ಹಣ್ಣು ಉದುರಿಸಿ, ನನ್ನ ಗಿರಾಕಿಗಳ ಬಟ್ಟೆ ಕೆಡಿಸುವಷ್ಟು ಬೆಳೆಯುವವರೆಗೆ ಫ್ಲಾಟಿನ ಕಡತವನ್ನು ಮುಂದೂಡಬೇಕು. ಅಲ್ಲಿಯವರೆಗೆ ಜಗಳಕ್ಕೆ ತಾತ್ಕಾಲಿಕ ಏರ್ಪಾಡಾಗಿ, ಒಗೆಯುವ ಕಲ್ಲಿನ ಪಕ್ಕದ ಚಿಗುರಿಗೆ ಸಂಬಂಧಿಸಿದಂತೆ ನಾನು ನಾಳೆ ಬೆಳಿಗ್ಗೆಯಿಂದಲೇ ಕೂಗಲು ಸಿದ್ಧನಿದ್ದೇನೆ. ಮೇಲ್ಮಹಡಿಗೆ ಹೋದರೆ ನನ್ನ ಗಂಟಲು ಅಲ್ಲಿಯವರೆಗೆ ಮುಟ್ಟುವುದಿಲ್ಲ ಅಕ್ಕ. ನೀನು ಹೋಗಬೇಡ.

(ಕೊನೆಯ ಎರಡು ವಾಕ್ಯಗಳು ನಮೂನೆಗೆ ಹೊರತಾಗಿದ್ದರೆ ಹೊಡೆದು ಹಾಕಬಹುದು. ಉಳಿದದ್ದು ಹಾಗೇ ಇರಲಿ.)

ತಮ್ಮ ವಿಶ್ವಾಸಿ,
ತಮ್ಮ.

ಲಗತ್ತುಗಳು:
ಅ) ನಮ್ಮ ಕಡೆಯ ಚಿಗುರು, ಎಲೆ ಸಮೇತ.
ಆ) ಮೊಂಡಾದ ಕತ್ತರಿ. ಭಾವನವರು ಸಾಣೆ ಹಿಡಿಸಿಕೊಡುವುದಾಗಿ ಒಪ್ಪಿದ್ದಾರೆ.
ಇ) ಮರ ಕಡಿದ ದಿನ ಗೋಡೆಯ ಮೇಲಿಂದ ನಾನು ಎತ್ತಿಕೊಂಡ, ಹಿಂತಿರುಗಿಸಲು ಧೈರ್ಯ ಬಾರದ ತಮ್ಮ ಲೋಟ. ತೊಳೆದಿದೆ.

ವಿಶೇಷ ಕೋರಿಕೆ: ಈ ಅರ್ಜಿಗೆ ಲಿಖಿತ ಉತ್ತರ ಬೇಡ. ಗೋಡೆಯ ಹತ್ತಿರ ಬಂದು ಬೈದರೆ ಮಂಜೂರಾಯಿತೆಂದು ತಿಳಿಯುತ್ತೇನೆ.