ಮೂರು ತಾಲೂಕಿಗೆ ಒಬ್ಬನೇ ತುಹಿನ್

ನನ್ನ ಮಗನ ಹೆಸರು ಹಿಡಿದು ಕೂಗಿದರೆ ಒಬ್ಬನೇ ಒಬ್ಬ ತಿರುಗಿ ನೋಡಬೇಕು, ಅವನು ನನ್ನ ಮಗನೇ ಆಗಿರಬೇಕು! ಹೀಗೆಂದು ನಾನು ರಾಜೂರಿನ ಮಾವನ ಮನೆಯ ಪಡಸಾಲೆಯಲ್ಲಿ ನಿಂತು, ಆಗಷ್ಟೇ ದವಾಖಾನೆಯಿಂದ ಬಂದ ಕೂಸಿನ ಎದುರು ಭೀಷ್ಮಪ್ರತಿಜ್ಞೆ ಮಾಡಿದೆ. ಕೂಸು ಆಕಳಿಸಿತು. ಹೆಂಡತಿ ಮಹೇಶ್ವರಿ, "ಮೊದಲ ಕೈ ತೊಳಕೊಂಡು ಬರ್ರಿ, ಬಸ್ಸಿನ್ಯಾಗಿಂದ ಹಂಗ ಬಂದೀರಿ" ಅಂದಳು.

ನಾನು ಬಸ್ ಕಂಡಕ್ಟರ್. ಗಜೇಂದ್ರಗಡ, ರೋಣ, ನರಗುಂದ ಅಂತ ದಿನವೂ ಸೀಟಿ ಊದುತ್ತ ತಿರುಗುವವನು. ಹೆಸರು ದುರಗೇಶ. ಅದೇ ನನ್ನ ಜನ್ಮದ ಸಂಕಟ! ನಮ್ಮ ಬೆಳವಣಕಿಯಲ್ಲಿ ದುರಗವ್ವನಿಗೆ ಬೇಡಿಕೊಂಡು ಹುಟ್ಟಿದ ಗಂಡುಮಕ್ಕಳೆಲ್ಲ ದುರಗೇಶರೇ. ಸಾಲಿಯಲ್ಲಿ ದೊಡ್ಡ ದುರಗೇಶ, ಸಣ್ಣ ದುರಗೇಶ, ಕೆಂಪು ದುರಗೇಶ, ಹಲ್ಲುಬ್ಬ ದುರಗೇಶ ಇದ್ದರು. ನನಗೆ ಗುರುತು ಹೇಳಲು ಏನೂ ಸಿಗದೆ ಮಾಸ್ತರು "ಮತ್ತೊಬ್ಬ ದುರಗೇಶ" ಅಂತ ಕರೆದರು. ಗಾಜು ಒಡೆದವನು ಕೆಂಪು ದುರಗೇಶ, ಛಡಿ ಏಟು ತಿಂದವನು ನಾನು. ಅಷ್ಟೇ ಆಗಿದ್ದರೆ ಮರೆಯುತ್ತಿದ್ದೆ. ನನ್ನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಸಣ್ಣ ದುರಗೇಶನ ಮನೆಗೆ ಹೋಗಿ, ಅಲ್ಲಿ ಚುನಮುರಿ-ಮಿರ್ಚಿ ತಿಂದು, ಹುಡುಗ ಪಸಂದ ಅಂತ ಹೇಳಿ ಬಂದಿದ್ದರು! ಆಮೇಲೆ ಎಲ್ಲ ಸರಿಹೋಯಿತು ಅನ್ನಿ. ಆದರೆ ಜಗಳವಾದಾಗೆಲ್ಲ ಮಹೇಶ್ವರಿ ಈಗಲೂ, "ಆ ಹುಡುಗ ಚಲೋ ಇದ್ದ" ಅಂತಾಳೆ.

ಇಂಥ ಗತಿ ನನ್ನ ಮಗನಿಗೆ ಬರಬಾರದು. ಅದಕ್ಕೇ ಮೊಬೈಲಿನಲ್ಲಿ ಅಪರೂಪದ ಗಂಡು ಹೆಸರುಗಳನ್ನು ಜಾಲಾಡಿದೆ. ಈಗಿನ ಕೂಸುಗಳೆಲ್ಲ ರಿಯಾಂಶ, ವಿಯಾಂಶ, ದಿವ್ಯಾಂಶ. ಎಲ್ಲರೂ ಅಂಶಗಳೇ, ಪೂರ್ತಿ ಹುಟ್ಟಿದವರು ಯಾರೂ ಇಲ್ಲ! ಕೊನೆಗೆ ಒಂದು ರತ್ನ ಸಿಕ್ಕಿತು. ತುಹಿನ್. 'ಅತಿ ವಿರಳ' ಅಂತ ಬರೆದಿತ್ತು. ಅದರ ಕೆಳಗೇ, ಈ ಹೆಸರನ್ನು ಲಕ್ಷಾಂತರ ಜನ ನೋಡಿದ್ದಾರೆ ಅಂತಲೂ ಬರೆದಿತ್ತು. ನಾನು ಮೇಲಿನದನ್ನಷ್ಟೇ ಓದಿದೆ.

ನರಗುಂದದ ವಿಜಯೇಂದ್ರ ಆಚಾರ್ಯರು ನಮ್ಮ ಬಸ್ಸಿನ ಕಾಯಂ ಪ್ರಯಾಣಿಕರು, ನಿವೃತ್ತ ಸಂಸ್ಕೃತ ಮಾಸ್ತರು. ಅವರನ್ನು ಕೇಳಿದೆ. "ತುಹಿನ ಅಂದ್ರ ಹಿಮ. ತುಹಿನಾಚಲ ಅಂದ್ರ ಹಿಮಾಲಯ. ಬಂಗಾಲದ ಕಡೆ ಇಡ್ತಾರ. ನಮ್ಮ ಕಡೆ ನಾನಂತೂ ಕೇಳಿಲ್ಲ. ಭಾಳ ಛಂದ ಹೆಸರಪಾ!" ಅಂತ ಅವರು ಎರಡು ಸಲ ಚಪ್ಪರಿಸಿ ಹೇಳಿದರು. ಆ ಚಪ್ಪರಿಕೆಯಲ್ಲೇ ನಾನು ಎಚ್ಚರಗೊಳ್ಳಬೇಕಿತ್ತು.

ಕೂಸು ನೋಡಲು ಅವ್ವ, ಅಕ್ಕ ರಾಜೂರಿಗೆ ಬಂದಾಗ ಹೆಸರು ಹೇಳಿದ್ದೇ ತಡ, ನಮ್ಮ ಅಕ್ಕ ಪುಷ್ಪಾವತಿ ಹಣೆ ಹಣೆ ಬಡಿದುಕೊಂಡಳು.

"ರೋಣದ ಬಿಸಿಲಾಗ ಹುಟ್ಟಿದ ಕೂಸಿಗೆ ಐಸಿನ ಹೆಸರ? ಅಪ್ಪನ ಹೆಸರು ಬಿಟ್ಟು ಐಸ್‌ಕ್ಯಾಂಡಿ ಹೆಸರು ಇಡ್ತೀಯೇನಲೇ?"

ಅವ್ವ ಮಾಯವ್ವ ಮೆಲ್ಲಗೆ, "ನನಗೂ ನಿಮ್ಮಪ್ಪನ ಹೆಸರ ಇಡಬೇಕಂತ ಆಸೆ ಐತಿ" ಅಂದಳು.

"ಯಾವ ಹೆಸರಬೇ? ನೀನ ಹೇಳು ನೋಡೂಣು!" ಅಂದೆ ನಾನು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪನ ಹೆಸರು ಅರ್ಜುನಪ್ಪ. ಅವನು ತೀರಿಕೊಂಡು ಎಷ್ಟೋ ವರ್ಷವಾದರೂ ಗಂಡನ ಹೆಸರನ್ನು ಅವ್ವ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಮಹೇಶ್ವರಿಯೂ ಮಾವನ ಹೆಸರು ಹೇಳುವಂತಿಲ್ಲ.

"ನೋಡ್ರಿ! ಅಜ್ಜಿಗೂ ಕರಿಯಾಕ ಬರೂದಿಲ್ಲ, ತಾಯಿಗೂ ಕರಿಯಾಕ ಬರೂದಿಲ್ಲ. ಅಂಥಾ ಹೆಸರು ತಗೊಂಡು ಕೂಸು ಏನ್ ಮಾಡಬೇಕು?" ಅಂತ ನಾನು ಗೆದ್ದು ಮೀಸೆ ತಿರುವಿದೆ.

ಅವ್ವ ಕೂಸಿನ ಪಾದ ನೀವುತ್ತ ಕೂತಳು. ಅವಳ ಮುಖ ನೋಡಿ ನನಗೆ ಕೆಟ್ಟನಿಸಿತು, ಖರೇ. ಆದರೆ ಗೆದ್ದ ಖುಷಿ ಅದಕ್ಕಿಂತ ದೊಡ್ಡದಿತ್ತು.

ಮಹೇಶ್ವರಿ ಎಲ್ಲವನ್ನೂ ನೋಡುತ್ತಿದ್ದವಳು ಒಂದು ಷರತ್ತು ಹಾಕಿದಳು. "ಆತ್ರಿ, ತುಹಿನ್ ಅಂತನ ಇಡೂಣು. ಆದ್ರ ಹೆಸರಿಡೂ ದಿನದೊಳಗ ಮೂರು ತಾಲೂಕಿನ್ಯಾಗ ಇನ್ನೊಬ್ಬ ತುಹಿನ್ ಸಿಕ್ಕರ, ಅತ್ತಿ ಆಸೆಪಟ್ಟ ಹೆಸರ ಇಡೂದು. ಒಪ್ಪಿಗಿ ಏನ್ರಿ?"

"ಹುಡುಕಿದ್ರೂ ಸಿಗೂದಿಲ್ಲ!" ಅಂದೆ. ಅಷ್ಟಕ್ಕೆ ಸುಮ್ಮನಿದ್ದರೆ ನನ್ನ ಹಣೆಬರಹ ಬೇರೆ ಇರುತ್ತಿತ್ತು. ನಾನು ನಿಜವಾಗಿಯೂ ಹುಡುಕಲು ಹೊರಟೆ!

ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಈ ಕಾಲದಲ್ಲಿ ನನ್ನ ಬಸ್ಸಿನಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ, ಅಜ್ಜಿಯರಿಗೆ ಏನು ಬರವೇ? ಸೊನ್ನೆ ಟಿಕೆಟ್ ಹರಿದು ಕೊಡುತ್ತ ಒಬ್ಬೊಬ್ಬರನ್ನೇ ವಿಚಾರಿಸಿದೆ.

"ಅಕ್ಕಾರ, ನಿಮ್ಮ ಓಣ್ಯಾಗ ತುಹಿನ್ ಅನ್ನೂ ಹುಡುಗ ಅದಾನೇನ್ರಿ?"

"ಇಲ್ಲಪಾ. ಏನಂದಿ? ಇನ್ನೊಮ್ಮೆ ಹೇಳು."

"ತುಹಿನ್ ರೀ."

"ಹಂಗಂದ್ರ?"

ಅಷ್ಟು ಕೇಳಿದರೆ ಸಾಕು, ನಾನು ಮೇಲಿನ ಕಂಬಿ ಹಿಡಿದು ಪ್ರವಚನ ಶುರುಮಾಡುತ್ತಿದ್ದೆ. ಸಂಸ್ಕೃತದ ಮೂಲ, ಹಿಮಾಲಯದ ಶಿಖರ, ಬಂಗಾಲದ ಪಂಡಿತರು! ಹಿಂದಿನ ಸೀಟಿನವರಿಗೆ ಕೇಳದಿದ್ದರೆ ಅವರಿಗೆ ಮತ್ತೊಮ್ಮೆ. ಮೆಣಸಗಿಯ ಮಾನವ್ವ ಅನ್ನುವ ಅಜ್ಜಿಗೆ ನಾಲಗೆ ತಿರುಗದಿದ್ದಾಗ, ಅವಳು ಇಳಿಯುವತನಕ ಬಾಯಿಪಾಠ ಮಾಡಿಸಿದೆ. ಎಲ್ಲರೂ ತಲೆಯಾಡಿಸಿ, "ಎಲ್ಲೂ ಕೇಳಿಲ್ಲರಿ, ಭಾಳ ಚಲೋ ಐತಿ" ಅನ್ನುವವರೇ. ನನ್ನ ಎದೆ ದಿನಕ್ಕೊಂದು ಇಂಚು ಉಬ್ಬಿತು.

ಡ್ರೈವರ್ ಮಲಿಕಸಾಬರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಒಂದಿನ ಚಹಾ ಕುಡಿಯುವಾಗ ಕೇಳಿದರು. "ದುರಗೇಶ, ನೀ ಹೆಸರು ಹುಡುಕಾಕತ್ತೀಯೋ, ಹಂಚಾಕತ್ತೀಯೋ?"

"ಪರೀಕ್ಷಾ ಮಾಡಾಕತ್ತೀನ್ರಿ. ಪ್ರತಿಯೊಬ್ಬರನ್ನೂ ಕೇಳಬೇಕಲ್ರಿ?" ಅಂತ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಹೆಸರಿಡುವ ಕಾರ್ಯ ಹತ್ತಿರ ಬಂದಾಗ, ರೋಣದಲ್ಲಿ ಮಾನವ್ವಜ್ಜಿ ಮೊಮ್ಮಗನನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ನನ್ನ ಬಾಯಿಗೆ ಒಂದು ಪೇಢೆ ತುರುಕಿದಳು.

"ನಿನ್ನ ಪುಣ್ಯಾನಪಾ! ನೀ ಕಲಿಸಿದ ಹೆಸರನ ಇಟ್ವಿ. ತುಹಿನಪ್ಪ!"

ಪೇಢೆ ಗಂಟಲಲ್ಲೇ ನಿಂತಿತು. ತುಹಿನ್ ಅಲ್ಲ, ತುಹಿನಪ್ಪ! ಇದು ಬೇರೆ ಹೆಸರು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ಗಜೇಂದ್ರಗಡದ ನೇಕಾರರ ಮನೆಯ ಸೊಸೆಯೊಬ್ಬಳು ಸಕ್ಕರೆ ಕೊಟ್ಟಳು. ಅಲ್ಲಿ ಇಟ್ಟದ್ದು ಶುದ್ಧ ತುಹಿನ್. ನರಗುಂದದಲ್ಲಿ ಆಚಾರ್ಯರೇ ಲಾಡು ಹಿಡಿದು ನಿಂತಿದ್ದರು. "ನಮ್ಮ ಮಗಳು ಆರತಿಯ ಮಗನಿಗೂ ಅದನ ಇಟ್ವಿ. ನೀ ಕೇಳಿದ ದಿನದಿಂದ ತಲಿಯೊಳಗ ಕೂತಬಿಟ್ಟಿತ್ತು ನೋಡು!"

ನಾನೇನು ಮಾಡಿದೆ? ಸಾಕ್ಷಿಯನ್ನೆಲ್ಲ ತಿಂದುಹಾಕಿದೆ! ತಿನ್ನಲಾಗದ್ದನ್ನು ಡಬ್ಬಿಗೆ ಹಾಕಿಕೊಂಡೆ. ಡಬ್ಬಿ ತೊಳೆಯುವಾಗ ಅವ್ವ, "ರೊಟ್ಟಿ ಕಟ್ಟಿದ ಡಬ್ಬಿಯೊಳಗ ದಿನಾ ಸಿಹಿ ಎಲ್ಲಿಂದ ಬರ್ತೈತೋ?" ಅಂದಳು. ಪ್ರಯಾಣಿಕರ ಪ್ರೀತಿ ಅಂದೆ. ಸುಳ್ಳೇನೂ ಅಲ್ಲವಲ್ಲ!

ಆ ದಿನ ಬಂತು. ರಾಜೂರಿನ ಮನೆಯಲ್ಲಿ ತೊಟ್ಟಿಲಿಗೆ ಹೂವು ಕಟ್ಟಿದ್ದರು, ಗುಗ್ಗರಿ ಬೆಂದು ಘಮ ಘಮ ಅನ್ನುತ್ತಿತ್ತು. ನಮ್ಮಲ್ಲಿ ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಕುರ್ರ್ ಅಂತ ಹೆಸರು ಹೇಳಬೇಕು. ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಇನ್ನೇನು ಅಕ್ಕ ಬಗ್ಗಬೇಕು, ಹೊರಗೆ ನಮ್ಮ ಬಸ್ಸಿನ ಹಾರ್ನು ಕೇಳಿತು. ಬಾಗಿಲಲ್ಲಿ ಮಲಿಕಸಾಬರು. ಅವರ ಹಿಂದೆ ಕೂಸು ಎತ್ತಿಕೊಂಡ ಹೆಂಗಸರ ದಂಡು!

"ಹೆಸರು ಕೊಟ್ಟ ಕಂಡಕ್ಟರನ ಮಗಗ ಆಶೀರ್ವಾದ ಮಾಡಬೇಕಂತ ಜೀವ ತಿಂದ್ರು. ಕರ್ಕೊಂಡು ಬಂದೆ" ಅಂದರು ಮಲಿಕಸಾಬರು. ನಾನು ಅಕ್ಕನಿಗೆ ಕಣ್ಸನ್ನೆ ಮಾಡಿದೆ, ಬೇಡ ಬೇಡ ಅಂತ. ಅವಳು ಅದನ್ನು ಲಗೂ ಹೇಳು ಅಂತ ತಿಳಿದು, ಬಗ್ಗಿ, ಓಣಿಗೆಲ್ಲ ಕೇಳುವಂತೆ, "ಕುರ್ರ್! ತುಹಿನ್!" ಅಂತ ಕೂಗಿದಳು.

ಬೆನ್ನಿಗೆ ಗುದ್ದು ಬಿದ್ದವು.

"ಓ! ನಮ್ಮಾಂವನ ಕರದ್ರೇನ್ರಿ? ಇಲ್ಲೇ ಅದಾನ!" ಅಂದಳು ಮಾನವ್ವಜ್ಜಿ.

"ನಮ್ಮಾಂವನೂ ಅದಾನ್ರಿ!" ಅಂದಳು ಗಜೇಂದ್ರಗಡದ ಸೊಸೆ.

"ಅಯ್ಯ, ನಮ್ಮ ತುಹಿನಗ ಎಚ್ಚರಾತು" ಅಂತ ಆರತಿ ಕೂಸನ್ನು ತಟ್ಟತೊಡಗಿದಳು. ತುಹಿನರೆಲ್ಲ ಒಬ್ಬರಾದ ಮೇಲೊಬ್ಬರು ಅಳಲು ಶುರುಮಾಡಿದರು. ನನ್ನ ಮಗ ಆ ಗದ್ದಲದಲ್ಲಿ ಮತ್ತೊಬ್ಬ ತುಹಿನ್ ಆಗಿ ಮಲಗಿದ್ದ.

ಮಹೇಶ್ವರಿ ನನ್ನನ್ನು ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿ, "ಅತ್ತಿ, ನೀವು ಆಸೆಪಟ್ಟ ಹೆಸರನ ಇಡೂಣ್ರಿ" ಅಂದಳು.

"ನಾ ಇನ್ನೊಮ್ಮೆ ಬೆನ್ನು ಕೊಡೂದಿಲ್ಲ!" ಅಕ್ಕ ಸೊಂಟ ಹಿಡಿದುಕೊಂಡು ಚೀರಿದಳು. "ಊರೂರು ಡಂಗುರ ಹೊಡದಾಂವ ಬಗ್ಗಲಿ!"

ಬಗ್ಗಿದೆ. ಕೂಸಿನ ಕಿವಿಯಲ್ಲಿ ಕುರ್ರ್ ಅಂದೆ. "ಅರ್ಜುನಪ್ಪ" ಅಂದೆ. ಅಪ್ಪನ ಹೆಸರನ್ನು ನಾನು ಬಾಯಿತುಂಬ ಹೇಳಿ ಎಷ್ಟು ಕಾಲವಾಗಿತ್ತೋ, ಕಣ್ಣಲ್ಲಿ ನೀರು ಬಂತು. ನಿಜ ಹೇಳಬೇಕೆಂದರೆ ಮುಂದಿನ ನೀರು ಬಂದದ್ದು ಬೆನ್ನಿನಿಂದ! ಮೂರು ತಾಲೂಕಿನ ತುಹಿನರ ತಾಯಂದಿರು, ಅಜ್ಜಿಯರು ಸೇರಿ ಗುದ್ದಿದ ಗುದ್ದು! ಎಲ್ಲಕ್ಕಿಂತ ಜೋರಾಗಿ ಗುದ್ದಿದವಳು ನಮ್ಮವ್ವ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ಮಹೇಶ್ವರಿ ಕೂಸಿನೊಂದಿಗೆ ಬೆಳವಣಕಿಗೆ ಬಂದ ದಿನ ಬಸ್ಸಿನಲ್ಲಿ ಒಬ್ಬ ಬಸುರಿ ಕೇಳಿದಳು. "ಕಂಡಕ್ಟರ್ರ, ಮಗಗ ಏನ್ ಹೆಸರಿಟ್ರಿ?"

"ಅರ್ಜುನಪ್ಪ ಅಂತ್ರಿ."

"ಅಯ್ಯ! ಈಗಿನ ಕೂಸುಗಳಾಗ ಎಲ್ಲೂ ಕೇಳಿಲ್ಲರಿ. ಎಷ್ಟ ಅಪರೂಪ! ಇನ್ನೊಮ್ಮೆ ಹೇಳ್ರಿ?"

ನಾನು ಸೀಟಿ ಬಾಯಿಗಿಟ್ಟು ಉದ್ದಕ್ಕೆ ಊದಿದೆ. ಮಲಿಕಸಾಬರು ಕನ್ನಡಿಯಲ್ಲಿ ನಕ್ಕರು.

ಸಂಜೆ ಎದೆ ಉಬ್ಬಿಸಿಕೊಂಡೇ ಮನೆಗೆ ಹೋದೆ. ಕೊನೆಗೂ ಮಗನಿಗೆ ಮೂರು ತಾಲೂಕಿನಲ್ಲಿ ಇಲ್ಲದ ಹೆಸರು ಸಿಕ್ಕಿತ್ತಲ್ಲ! ಅವ್ವ ತೊಟ್ಟಿಲ ಮುಂದೆ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಗಂಡನ ಹೆಸರಿನ ಕೂಸು, ಹೆಸರು ಹಿಡಿಯುವಂತಿಲ್ಲ, ಏಕವಚನವೂ ಬಾಯಿಗೆ ಬರುವುದಿಲ್ಲ.

"ಎದ್ರ್ಯಾ? ನಿದ್ದಿ ಆತ್ರ್ಯಾ? ಹಾಲು ಕುಡೀತೀರೇನ್ರಿ?" ಅಂತ ತೊಟ್ಟಿಲಿಗೆ ಕೇಳುತ್ತಿದ್ದಳು. ನನ್ನ ಹೆಜ್ಜೆ ಸಪ್ಪಳ ಕೇಳಿ ತಿರುಗಿದಳು.

"ಲೇ ದುರಗ್ಯಾ, ಬಾಗಲದಾಗ ಏನ್ ನಿಂತಿ? ಅವರು ಹಾಸಿಗಿ ತೋಯಿಸಿಕೊಂಡಾರ, ಲಗೂನ ಒಯ್ದು ಒಗಿ!"