ಅತ್ತಿಗಿಯ ಮ್ಯೂಸಿಯಂ

ನಾನು ಓದಿಕೊಂಡು ಹೋದ ಕಡೆಯೆಲ್ಲ ಓದದೆ ಬಂದವರೇ ಹೆಸರು ತಗೊಂಡು ವಾಪಸ್ಸಾಗುತ್ತಾರೆ. ಹೈದರಾಬಾದಿನ ದೊಡ್ಡ ಮ್ಯೂಸಿಯಂ ನೋಡಲು ಹೊರಟಾಗ ಅವ್ವ ಸಿಂಧನೂರಿನ ನಮ್ಮ ಓಣಿಗೆಲ್ಲ ಹೇಳಿದ್ದಳು, "ನಮ್ಮಾಕಿ ಇಂಗ್ಲಿಷ್ ಮೀಡಿಯಂ. ಎಲ್ಲಾ ಆಕೀನೇ ತೋರಸ್ತಾಳ." ನನ್ನಂಥ ಬಾಯಿಲ್ಲದವಳಿಗೆ ಅದು ದೊಡ್ಡ ಪದವಿ. ಎರಡು ವಾರ ಕೂತು ಅಲ್ಲಿಯ ಚಿತ್ರಗಳ ಬಗ್ಗೆ ನೋಟ್‌ಬುಕ್ ತುಂಬಿಸಿದೆ. ಜೊತೆಗೆ ಅಣ್ಣನ ಹೆಂಡತಿಯೂ ಹೊರಟಳು. ಜವಳಗೇರಾದಾಕಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಕಿ. ಅವಳ ತಯಾರಿ ಅಂದರೆ ರೊಟ್ಟಿ ಬುತ್ತಿ.

೧. ಬಾಗಿಲು

ಬುತ್ತಿ ಒಳಗೆ ಬಿಡೋದಿಲ್ಲ ಎಂದ ಕೌಂಟರಿನವ. ನಾನು ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಜೋಡಿಸುತ್ತ, 'ಕೈಂಡ್ಲಿ' ಮೊದಲು ಬರಬೇಕೋ ಕೊನೆಗೋ ಎಂಬಲ್ಲಿ ನಿಂತಿದ್ದೆ. ಅಷ್ಟರಲ್ಲಿ ಅತ್ತಿಗಿ, ಆಂಧ್ರದಿಂದ ಬಂದು ನಮ್ಮ ಕಡೆ ಕ್ಯಾಂಪ್ ಕಟ್ಟಿಕೊಂಡು ನೆಲೆಸಿದ ಹೆಂಗಸರ ಜೊತೆ ಗದ್ದೆಯಲ್ಲಿ ಕಲಿತ ತೆಲುಗಿನಲ್ಲಿ ಅವನನ್ನು ಅಣ್ಣಾ ಅಂದು, ಊರು ಕೇಳಿ, ಬುತ್ತಿಯನ್ನು ಇರುವೆ ಹತ್ತದ ಮೇಲಿನ ಕಪಾಟಿನಲ್ಲಿ ಇಡಿಸಿದಳು. ಬುತ್ತಿಗೆ ಅವ ಕೊಟ್ಟ ಟೋಕನ್ ಅವ್ವ ನನ್ನ ಕೈಗಿಟ್ಟಳು. "ನೀ ಓದಿದಾಕಿ. ಕಳಿಬ್ಯಾಡ."

೨. ದೊರೆ

ಒಳಗೆ ಸಂತೆಯಂಥ ಗದ್ದಲ. ಒಬ್ಬ ದೊರೆಯ ದೊಡ್ಡ ಚಿತ್ರದ ಮುಂದೆ ನಾನು ಶುರು ಮಾಡಿದೆ. ನನ್ನ ದನಿ ನನಗೇ ಕೇಳಲಿಲ್ಲ. ಅತ್ತಿಗಿ ದೊರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅತ್ತೀ, ಹತ್ತೂ ಬೆರಳಿಗೆ ಉಂಗುರ ಹಾಕ್ಯಾನ್ರಿ. ಇವಗ ಅನ್ನ ಯಾರು ಕಲಸಿ ಕೊಡ್ತಿದ್ರೋ."

ಅವ್ವ ನಕ್ಕಳು. ಹಿಂದೆ ನಿಂತಿದ್ದ ರಾಯಚೂರು ಕಡೆಯ ಕುಟುಂಬವೊಂದು ನಕ್ಕು, ಆಮೇಲೆ ನಮ್ಮ ಬೆನ್ನೇ ಬಿಡಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಬೆಳಕು-ನೆರಳಿನ ಬಗ್ಗೆ ಅರ್ಧ ಪುಟ ಇತ್ತು. ಬೆರಳಿನ ಬಗ್ಗೆ ಏನೂ ಇರಲಿಲ್ಲ.

೩. ನೆಲ್ಲು

ನೆಲ್ಲು ನಾಟಿಯ ಚಿತ್ರವನ್ನು ಕೊನೆಗೆಂದೇ ಉಳಿಸಿಕೊಂಡಿದ್ದೆ. ಬಾಯಿಪಾಠ ಮಾಡಿದ್ದೆ. ಅವ್ವನೂ ನನ್ನ ಕಡೆ ತಿರುಗಿ, "ಹೇಳವ್ವ," ಅಂದಳು. ಬಾಯಿ ತೆರೆದೆ.

"ಇದು ತಪ್ಪೈತ್ರಿ," ಅಂದಳು ಅತ್ತಿಗಿ. "ನೆಲ್ಲು ಹಚ್ಚೋರು ಹಿಂದಕ ಸರೀತಾರ. ಇಲ್ಲಿ ಸಸಿ ಬೆನ್ನ ಹಿಂದ ಐತಿ, ಮುಂದ ಬರೀ ಕೆಸರು. ಹಚ್ಚಿದ್ದನ್ನ ತುಳಕೊಂತ ಬಂದಾರೇನು?"

ಸೆರಗು ಸಿಕ್ಕಿಸಿ, ಬಗ್ಗಿ, ಹಾಲ್ ತುಂಬ ನಾಟಿ ಹಚ್ಚುತ್ತ ಹಿಂದಕ್ಕೆ ಸರಿದಳು. ಜನ ದಾರಿ ಬಿಟ್ಟರು. ಎಲ್ಲರೂ ಚಿತ್ರಕ್ಕೆ ಬೆನ್ನು ಹಾಕಿ ಅವಳನ್ನೇ ನೋಡುತ್ತಿದ್ದರು. ನಾನು ಚಿತ್ರ ನೋಡಿದೆ. ಸುಳ್ಳಲ್ಲ, ತಪ್ಪೇ. ಮಸ್ಕಿ ಬಸ್ಸಿನ ಕಿಟಕಿಯಲ್ಲಿ ಪ್ರತಿ ವರ್ಷ ನಾಟಿ ನೋಡಿದ್ದರೂ ನನಗೆ ಹೊಳೆದಿರಲಿಲ್ಲ.

ವಿದೇಶಿ ಹೆಂಗಸೊಬ್ಬಳು ಇದೇನೆಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದಳು. ಎರಡು ವಾರದಿಂದ ಕೂಡಿಟ್ಟ ಇಂಗ್ಲಿಷ್ ಕೊನೆಗೂ ಹೊರಬಂತು: ಚಿತ್ರ ತಪ್ಪು ಅಂತಾರೆ ನಮ್ಮ ಅತ್ತಿಗಿ. ಆಕೆ ಖುಷಿಯಾಗಿ ಅತ್ತಿಗಿಯ ಹೆಗಲ ಮೇಲೆ ಕೈಹಾಕಿ ನಿಂತಳು. ಫೋನು ನನ್ನ ಕೈಗೆ ಕೊಟ್ಟಳು.

೪. ಓಣಿ

ವಾಪಸ್ ಬಂದ ಮರುದಿನ ಮುಂದಿನ ಮನೆಯಾಕಿ ಕಟ್ಟೆಗೆ ಬಂದು ಅವ್ವನ ಪಕ್ಕ ಕೂತಳು. ನಾನು ಬಾಗಿಲ ಮರೆಯಲ್ಲಿ ಕಿವಿಗೊಟ್ಟೆ.

"ಹ್ಯಾಂಗಿತ್ರಿ ಮ್ಯೂಸಿಯಂ?"

"ಭಾಳ ಚೊಲೋ ಇತ್ತವ್ವ. ನಮ್ಮ ಸೊಸಿ ಒಂದೊಂದೂ ಬಿಡಿಸಿ ತೋರಿಸಿದ್ಲು."

"ಮತ್ತ ನಿಮ್ಮ ಮಗಳು?"

ಅವ್ವ ತುಸು ಯೋಚನೆ ಮಾಡಿದಳು. ಪಾಪ, ನನ್ನನ್ನು ಬಿಟ್ಟುಕೊಡುವಾಕಿ ಅಲ್ಲ.

"ಆಕಿನೂ ಇದ್ಲು. ಟೋಕನ್ ಒಂದೀಟೂ ಕೈ ಬಿಡಲಿಲ್ಲ ನೋಡು."