ರುಜು ಹೊಂದುವುದಿಲ್ಲ

ಕೈಲಾಶನ ಆ ದಿನದ ಫಜೀತಿಗೆಲ್ಲ ಕಾರಣ ಎರಡಕ್ಷರದ ಒಂದು ಪದ.

ಬೀದರದ ಬ್ಯಾಂಕೊಂದರಲ್ಲಿ ಒಂಬತ್ತು ವರ್ಷ ಗಾಜಿನ ಹಿಂದೆ ಕುಳಿತು ಜನರ ರುಜು ತಾಳೆ ನೋಡಿದವನು ಅವನು. ಚೀಟಿಯ ಮೇಲಿನ ರುಜುವಿನ ಬಾಲ ಒಂದೆಳೆ ಉದ್ದವಾದರೂ ಸಾಕು, ತಲೆ ಎತ್ತದೆ ‘ರುಜು ಹೊಂದುವುದಿಲ್ಲ’ ಎಂದು ಠಸ್ಸೆ ಒತ್ತಿ, ಕೆಳಗೆ ತನ್ನದೊಂದು ರುಜು ಜಡಿದು ವಾಪಸ್ ತಳ್ಳುತ್ತಿದ್ದ. ಅವನ ರುಜುವೋ ಜಿಲೇಬಿಯಂತೆ ಮೂರು ಸುತ್ತು, ತುದಿಗೆರಡು ಚುಕ್ಕೆ. ಈಗ ಸರ್ಕಾರಿ ಪರೀಕ್ಷೆ ಪಾಸಾಗಿ, ಔರಾದದ ಪಿಂಚಣಿ ಕಚೇರಿಗೆ ಅಧಿಕಾರಿಯಾಗಿ ನೇಮಕವಾಗಿತ್ತು. ಬ್ಯಾಂಕಿಗೆ ರಾಜೀನಾಮೆ ಕೊಟ್ಟು, ಸೋಮವಾರ ಹೋದರಾಯಿತೆಂದು ಭಾಲ್ಕಿಯ ಮನೆಯಲ್ಲಿ ಹಾಯಾಗಿದ್ದ.

ಶುಕ್ರವಾರ ಬೆಳಿಗ್ಗೆ ಔರಾದ ಕಚೇರಿಯ ಹಿರಿಯ ಗುಮಾಸ್ತ ಮುನೀರೋದ್ದೀನರ ಫೋನು ಬಂತು.

“ಸಾಬ್, ಇವತ್ತ ಐದರೊಳಗ ರುಜು ಆಗ್ಬೇಕ್ರಿ. ಇಲ್ಲಂದ್ರ ಆರ್ಡರ್ ರದ್ದ್ ಆಗ್ತದ.”

ಅಷ್ಟರಲ್ಲಿ ಲೈನು ಕಟ್ಟಾಯಿತು. ತಿರುಗಿ ಹಚ್ಚಿದರೆ ಹತ್ತಲೊಲ್ಲದು. ಬ್ಯಾಂಕು ಬಿಟ್ಟಾಗಿದೆ, ಇದೂ ಹೋದರೆ ಹೊಸ ಕೆಲಸಕ್ಕೆಂದು ಇಸ್ತ್ರಿ ಮಾಡಿಟ್ಟ ಹೊಸ ಅಂಗಿಯನ್ನು ನೋಡುತ್ತ ಮನೆಯಲ್ಲಿ ಕೂರಬೇಕಷ್ಟೆ.

“ನನ್ನ ರುಜು ಖರೇ ಅಂತ ಬ್ಯಾಂಕಿನವರ ಕಡಿಂದ ಬರಸ್ಕೊಂಡು ಕಳಸಬೇಕಂತ ಕಾಣ್ತದ,” ಎಂದ.

“ಔರಾದಕ್ಕೇ ಹೋಗಿ ಕೇಳಬಾರದೇನ್ರಿ?” ಎಂದಳು ಹೆಂಡತಿ ಆಮ್ರಪಾಲಿ.

“ರುಜುದಾಗ ನನಗ ಹೇಳಾಕ ಬರ್ತೀಯೇನು?” ಎಂದವನೇ ಬೀದರದ ಬಸ್ಸು ಹತ್ತಿದ.

ಬ್ಯಾಂಕಿನಲ್ಲಿ ಅವನ ಕುರ್ಚಿಯಲ್ಲಿ ನಾಗಸೇನ ಕುಳಿತಿದ್ದ. ಕೆಲಸ ಕಲಿಸಿದವನು ಕೈಲಾಶನೇ. ಗಾಬರಿಯಲ್ಲಿ ಹಾಕಿದ ರುಜುವನ್ನು ನಾಗಸೇನ ಹಳೆಯದರೊಂದಿಗೆ ತಾಳೆ ನೋಡಿದ.

“ಸರ್, ಎರಡನೇ ಸುತ್ತು ಹೊಂದವಲ್ದರಿ.”

“ಅರೇ, ನನ್ನ ಗುರ್ತ ಇಲ್ಲೇನೋ?”

“ಮುಖ ನೋಡಬ್ಯಾಡ, ರುಜು ನೋಡು ಅಂತ ನೀವೇ ಕಲಿಸಿದ್ರಲ್ರಿ,” ಎಂದು ನಾಗಸೇನ ಭಕ್ತಿಯಿಂದಲೇ ಠಸ್ಸೆ ಒತ್ತಿದ.

ಹಳೆಯ ಸಹೋದ್ಯೋಗಿಗಳೆಲ್ಲ ಮುತ್ತಿಕೊಂಡರು. ಒಬ್ಬ ಉಸಿರು ಬಿಗಿಹಿಡಿಯಲು ಹೇಳಿದ, ಇನ್ನೊಬ್ಬ ಕಣ್ಣು ಮುಚ್ಚಿಕೊಳ್ಳಲು ಹೇಳಿದ, ಮತ್ತೊಬ್ಬ ಚಹಾ ತರಿಸಿ ತಾನೇ ಕುಡಿದ. ಸಲಹೆ ಹೆಚ್ಚಿದಷ್ಟೂ ಜಿಲೇಬಿ ಒಮ್ಮೆ ಜಹಾಂಗೀರಾಯಿತು, ಒಮ್ಮೆ ಚಕ್ಕುಲಿಯಾಯಿತು. ಹನ್ನೊಂದನೆಯ ರುಜು ಪಾಸಾದಾಗ ಮೂರು ಗಂಟೆ. ಅದರ ಫೋಟೋ ತೆಗೆದು ಔರಾದಕ್ಕೆ ಕಳಿಸಿ ಬೆವರು ಒರೆಸಿಕೊಂಡ.

ಕೂಡಲೇ ಫೋನು ಬಂತು. “ಇದೇನ್ ಕಳಸೀರಿ ಸಾಬ್?”

“ರುಜು ಆತಲ್ರಿ!”

“ಬೀದರದಾಗ ಕುಂತು ಔರಾದದಾಗ ಹ್ಯಾಂಗ ರುಜು ಆಗ್ತೀರಿ? ರುಜು ಅಂದ್ರ ಸಹಿ ಅಲ್ರಿ! ಬಂದು ಡ್ಯೂಟಿಗೆ ಹಾಜರ್ ಆಗೋದು! ನಿಜಾಮನ ಕಾಲದಿಂದ ನಮ್ಮ ಕಚೇರಿದಾಗ ಹಂಗೇ ಅಂತೇವಿ. ಫೌರನ್ ಬರ್ರಿ, ಈಗಿಂದೀಗ!”

ಬಸ್ಸು ಆಗಷ್ಟೇ ಹೋಗಿತ್ತು. ಔರಾದಕ್ಕೆ ಹೊರಟಿದ್ದ ಮಕ್ಬೂಲನ ಟೆಂಪೊದಲ್ಲಿ ಜಾಗ ಸಿಕ್ಕಿತು, ಹನ್ನೆರಡು ಕುರಿಗಳ ನಡುವೆ. ಒಂದು ಕುರಿ ಹೊಸ ಅಂಗಿಯ ತೋಳು ಜಗಿಯಿತು. ಇನ್ನೊಂದು ಅವನ ಬೋಳು ನೆತ್ತಿಯನ್ನು ನೆಕ್ಕಿ, ಉಪ್ಪು ಸಾಕೆನಿಸಿತೋ ಏನೋ, ಮತ್ತೆ ನೆಕ್ಕಿತು.

ಐದಕ್ಕೆ ಐದು ನಿಮಿಷವಿದ್ದಾಗ ಕಚೇರಿ ಮುಟ್ಟಿದ. ಮುನೀರೋದ್ದೀನರು ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕೈಲಾಶ ಅದರಲ್ಲಿ ಹೇಗೋ ಒಂದು ರುಜು ಗೀಚಿದ. “ಮುಬಾರಕ್ ಸಾಬ್, ಈಗ ರುಜು ಆದ್ರಿ!” ಎಂದರು. ಕೈಲಾಶ ಕುರ್ಚಿಗೆ ಒರಗಿದ. ಇನ್ನು ಆ ಬ್ಯಾಂಕೂ ಬೇಡ, ಅದರ ಠಸ್ಸೆಯೂ ಬೇಡ.

“ಹೊಸ ಸಾಹೇಬ್ರು ಬಂದ್ರೇನ್ರಿ?” ಎನ್ನುತ್ತ ಬೆಳಿಗ್ಗೆಯಿಂದ ಕಾದಿದ್ದ ಸಖುಬಾಯಿ ಒಳಗೆ ಬಂದಳು. ಎಪ್ಪತ್ತು ದಾಟಿದ ಮುದುಕಿ. “ಬೀದರ ಬ್ಯಾಂಕಿನವ ಮೂರು ಸಲ ನನ್ನ ಪಿಂಚಣಿ ಚೀಟಿ ಹಿಂದ ಒಗದಾನ್ರಿ. ಸಹಿ ಮಾಡಾಕ ಕಲ್ತಿದ್ದೇ ಅರವತ್ತರಾಗ, ಕೈ ನಡುಗ್ತದ. ಅವನ ಮ್ಯಾಲ ದೂರು ಬರಕೋರಿ.”

ಕೈಲಾಶ ಕುರ್ಚಿಯಲ್ಲಿ ನೆಟ್ಟಗಾದ. “ಅವನ್ನ ನೋಡಿದ್ರ ಗುರ್ತ ಹಿಡಿತೀರೇನು, ಅವ್ವಾರ?”

“ಮುಖ ಎಲ್ಲಿ ತೋರಸ್ತಾನ್ರಿ? ತಲಿ ಎತ್ತಂಗೇ ಇಲ್ಲ. ಬೋಳು ನೆತ್ತಿ ಅಷ್ಟೇ ಕಾಣ್ತದ.”

ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಕೈ ನಡುಗುವುದೆಂದರೇನೆಂದು ಇವತ್ತು ಹನ್ನೊಂದು ಸಲ ಕಲಿತು ಬಂದಿದ್ದ. “ಸೋಮವಾರ ನಾನೇ ನಿಂತು ನಿಮ್ಮ ಕೆಲಸ ಮಾಡಿಸಿ ಕೊಡ್ತೇನಿ,” ಎಂದ.

“ಅದು ಮಾಡ್ರಿ. ದೂರೂ ಬರೀರಿ.”

ಮುನೀರೋದ್ದೀನರು ಬರೆದರು. ‘ಸ್ವೀಕರಿಸಲಾಗಿದೆ’ ಎಂಬುದರ ಕೆಳಗೆ ಅಧಿಕಾರಿ ರುಜು ಹಾಕಬೇಕು. ಕೈಲಾಶ ತಲೆ ಬಗ್ಗಿಸಲಿಲ್ಲ. ಕತ್ತು ನೆಟ್ಟಗಿಟ್ಟುಕೊಂಡು, ಗೋಡೆಯ ಕ್ಯಾಲೆಂಡರ್ ನೋಡುತ್ತಲೇ ಪೆನ್ನು ಆಡಿಸಿದ. ಇಡೀ ದಿನ ಮಾತು ಕೇಳದ ಕೈ ಆಗ ಮಾತ್ರ ತಪ್ಪಲಿಲ್ಲ. ಮೂರು ಸುತ್ತು, ಎರಡು ಚುಕ್ಕೆ, ಅಚ್ಚು ಹಾಕಿದಂತೆ ಬಂತು.

ಸಖುಬಾಯಿಗೆ ಓದಲು ಬಾರದು, ಆದರೆ ಕಣ್ಣು ಚುರುಕು. ಠಸ್ಸೆ ಬಿದ್ದು ವಾಪಸ್ ಬಂದಿದ್ದ ಬ್ಯಾಂಕಿನ ಚೀಟಿಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ದೂರಿನ ಪಕ್ಕದಲ್ಲಿಟ್ಟಳು. ಇದನ್ನು ನೋಡಿದಳು, ಅದನ್ನು ನೋಡಿದಳು.

“ಸಾಹೇಬ್ರ,” ಎಂದಳು ಮೆಲ್ಲಗೆ, “ಜರಾ ತಲಿ ಬಗ್ಗಸ್ರಿ.”